ನಾಗಾವಿಯ ನೆಲದಲ್ಲಿ ಆಕರದ ಪಾಠ

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಗೆ ಜನ ಹೋಗುವುದು ಹೆಚ್ಚಾಗಿ ಯಲ್ಲಮ್ಮನ ದರ್ಶನಕ್ಕೆ. ಅರವತ್ತು ಕಂಬದ ಗುಡಿಯ ಕಡೆ ಹೊರಳುವವರು ಕಡಿಮೆ. ಹನ್ನೊಂದನೆಯ ಶತಮಾನದಲ್ಲಿ ಇಲ್ಲೊಂದು ದೊಡ್ಡ ಘಟಿಕಾಸ್ಥಾನವಿತ್ತು. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಶಾಸನ ಅದರ ವ್ಯವಸ್ಥೆಯನ್ನು ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಐವತ್ತರಷ್ಟು ಮಂದಿ, ಅವರಿಗೆ ಪಾಠ ಹೇಳುವ ಉಪಾಧ್ಯಾಯರು. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಭಂಡಾರವನ್ನು ನೋಡಿಕೊಳ್ಳುವುದೇ ಇವರ ಕೆಲಸ. ಸಾವಿರ ವರ್ಷಗಳ ಹಿಂದೆ ನಮ್ಮ ಒಂದು ಊರಿನ ವಿದ್ಯಾಲಯದಲ್ಲಿ ಆರು ಗ್ರಂಥಪಾಲಕರಿದ್ದರು!

ಈ ಸಂಗತಿಯನ್ನು ಇಂದು ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಎಲ್ಲೆಲ್ಲೂ ಕಾಣಬಹುದು. ಪದವಿ ತರಗತಿಯ ಹುಡುಗ ಅದನ್ನು ತನ್ನ ಕಿರುಪ್ರಬಂಧದಲ್ಲಿ ಬರೆದಾಗ “ಇದು ಎಲ್ಲಿ ಸಿಕ್ಕಿತು?” ಎಂದು ಕೇಳಿ ನೋಡಿ. “ಗೂಗಲ್‌ನ್ಯಾಗ ಅದರಿ ಸರ್” ಎಂಬ ಉತ್ತರ ಬರುತ್ತದೆ. ಗೂಗಲ್‌ನಲ್ಲಿರುವ ಪುಟ ಇನ್ನೊಂದು ಪುಟದಿಂದ ತೆಗೆದುಕೊಂಡಿದೆ, ಅದು ಯಾವುದೋ ಪುಸ್ತಕದಿಂದ, ಆ ಪುಸ್ತಕ ಮತ್ತೊಂದರಿಂದ. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ನಿಜಾಮರ ಸರ್ಕಾರ 1928ರಲ್ಲಿ ಪ್ರಕಟಿಸಿದ ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್‌ನ 8ನೆಯ ಸಂಪುಟ. ನಾಗಾವಿಯ ಶಾಸನಗಳು ಅಚ್ಚಾಗಿರುವುದು ಅದರಲ್ಲಿ. ಆದರೆ ಅಲ್ಲಿ ಊರಿನ ಹೆಸರು ‘ನಾಗೈ’ ಎಂದಿದೆ. ‘ನಾಗಾವಿ’ ಎಂದು ಎಷ್ಟು ಹುಡುಕಿದರೂ ಆ ಸಂಪುಟ ಸಿಗದಿರಲು ಇದೇ ಕಾರಣ.

ಗ್ರಂಥಾಲಯ ವಿಜ್ಞಾನದವರು ಮಾಹಿತಿ ಸಾಕ್ಷರತೆ ಎಂದು ಕರೆಯುವುದು ಇದನ್ನೇ. ಬೇಕಾದದ್ದನ್ನು ಹುಡುಕುವುದು, ಸಿಕ್ಕಿದ್ದನ್ನು ತೂಗಿ ನೋಡುವುದು, ಎಲ್ಲಿಂದ ಪಡೆದೆವೆಂದು ಪ್ರಾಮಾಣಿಕವಾಗಿ ಹೇಳುವುದು. ಅಮೆರಿಕದ ಪಾಲ್ ಜರ್ಕೋವ್‌ಸ್ಕಿ 1974ರಲ್ಲಿ ಈ ಪರಿಕಲ್ಪನೆಗೆ ಹೆಸರು ಕೊಟ್ಟರು. ನಮ್ಮ ದೇಶದಲ್ಲಿ ಎಸ್.ಆರ್. ರಂಗನಾಥನ್ ಅದಕ್ಕೂ ಬಹಳ ಮೊದಲು, 1931ರಲ್ಲೇ, ತಮ್ಮ ಐದು ಸೂತ್ರಗಳಲ್ಲಿ ಓದುಗರ ಸಮಯ ಉಳಿಸುವುದನ್ನು ಗ್ರಂಥಾಲಯದ ಧರ್ಮವೆಂದು ಸಾರಿದ್ದರು. ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಅಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ನಡೆಯುತ್ತಿದೆ.

ಹುಡುಕಿದ್ದನ್ನು ಕಾಪಾಡಿಕೊಳ್ಳಲು ಮತ್ತು ಎಲ್ಲಿಂದ ಪಡೆದೆವೆಂದು ಹೇಳಲು ಇಂದು ಕಂಪ್ಯೂಟರಿನಲ್ಲಿ ಒಂದು ಜಾತಿಯ ತಂತ್ರಾಂಶಗಳಿವೆ. ಜೊಟೆರೊ, ಮೆಂಡಲೆ, ಎಂಡ್‌ನೋಟ್ ಅವುಗಳಲ್ಲಿ ಹೆಸರಾದವು. ಇವು ಮಾಡುವ ಕೆಲಸ ಸರಳ. ನೀವು ಓದುವ ಪ್ರತಿ ಪುಸ್ತಕ, ಲೇಖನ, ವರದಿಯ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟಗಳನ್ನು ಒಂದು ದಾಖಲೆಯಾಗಿ ಇಟ್ಟುಕೊಳ್ಳುತ್ತವೆ. ಪಿಡಿಎಫ್ ಇದ್ದರೆ ಅದೇ ದಾಖಲೆಗೆ ಅಂಟಿಸಬಹುದು, ಟಿಪ್ಪಣಿ ಬರೆಯಬಹುದು. ವರ್ಡ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ಪ್ರಬಂಧ ಬರೆಯುವಾಗ ಬೇಕಾದ ಕಡೆ ಒತ್ತಿದರೆ ಉಲ್ಲೇಖ ಕೂರುತ್ತದೆ, ಕೊನೆಯಲ್ಲಿ ಆಕರ ಸೂಚಿ ತಾನಾಗಿ ತಯಾರಾಗುತ್ತದೆ. ಮಾರ್ಗದರ್ಶಕರು “ಈ ಶೈಲಿ ಬೇಡ, ಎಪಿಎ ಶೈಲಿಯಲ್ಲಿ ಬರಲಿ” ಎಂದರೆ ಇನ್ನೂರು ಆಕರಗಳನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಶೈಲಿ ಬದಲಿಸಿದರೆ ಎಲ್ಲವೂ ಬದಲಾಗುತ್ತವೆ.

ಮಹಾನಗರಗಳ ದೊಡ್ಡ ಸಂಸ್ಥೆಗಳಲ್ಲಿ ಇದು ಹಳೆಯ ಮಾತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಇದರ ಹೆಸರು ಕೇಳುವುದು ಕಲಬುರಗಿಯ ಜ್ಞಾನಗಂಗೆ ಆವರಣದ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೋದ ಮೇಲೆ, ಅದೂ ಪಿಎಚ್.ಡಿ. ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ನಾಲ್ಕೈದು ವರ್ಷದ ಓದು ಚೀಟಿಗಳಲ್ಲಿ, ಜೆರಾಕ್ಸ್ ಹಾಳೆಗಳಲ್ಲಿ, ಮೊಬೈಲಿನ ಫೋಟೊಗಳಲ್ಲಿ ಚೆದುರಿಹೋಗಿರುತ್ತದೆ. ಯಾವ ಪುಟ ಯಾವ ಪುಸ್ತಕದ್ದು ಎಂಬ ಲೆಕ್ಕ ತಪ್ಪಿರುತ್ತದೆ. ಕೊನೆಯ ವಾರ ಗ್ರಂಥಋಣವನ್ನು ನೆನಪಿನಿಂದ ಕಟ್ಟುವ, ಇಲ್ಲವೇ ಗೆಳೆಯನ ಪ್ರಬಂಧದಿಂದ ಇಳಿಸಿಕೊಳ್ಳುವ ಪರಿಪಾಠ ಹುಟ್ಟಿದ್ದು ಹೀಗೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಆಕರವನ್ನು ಮೊದಲ ದಿನದಿಂದ ಬರೆದಿಡಬೇಕು ಎಂದು ಅವರಿಗೆ ಯಾರೂ ಕಲಿಸಿಲ್ಲ.

ಕಲಿಸಬೇಕೆಂದು ಕಾನೂನೇ ಹೇಳುತ್ತದೆ. ಕೃತಿಚೌರ್ಯ ತಡೆಗಾಗಿ ಯುಜಿಸಿ 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಎಲ್ಲರ ಬಾಯಲ್ಲಿ ಉಳಿದದ್ದು ಶೇಕಡಾವಾರು ಲೆಕ್ಕ ಮಾತ್ರ. ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಅದೇ ನಿಯಮಾವಳಿ ಇನ್ನೊಂದು ಮಾತನ್ನೂ ಹೇಳಿದೆ. ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಕೃತಿಚೌರ್ಯ ಪತ್ತೆಯ ಸಾಧನಗಳ ಜೊತೆಗೆ ಆಕರ ನಿರ್ವಹಣೆಯ ಸಾಧನಗಳನ್ನು ಬಳಸುವ ತರಬೇತಿಯನ್ನು ಸಂಸ್ಥೆಯೇ ಕೊಡಬೇಕು. ದಂಡದ ಭಾಗವನ್ನು ನಾವು ಅಚ್ಚುಕಟ್ಟಾಗಿ ಜಾರಿಗೆ ತಂದೆವು. ಪಾಠದ ಭಾಗ ಕಡತದಲ್ಲೇ ಉಳಿಯಿತು. ಕಲಿಸದೆ ಶಿಕ್ಷಿಸುವುದು ನ್ಯಾಯವಲ್ಲ.

ಒಂದು ಕ್ಲಿಕ್ಕಿಗೆ ಬರುವುದು, ಬಾರದಿರುವುದು

ಈ ತರಬೇತಿ ನಮ್ಮಲ್ಲಿ ನಡೆದಾಗಲೂ ಬಹುಪಾಲು ಒಂದೇ ಅಚ್ಚಿನದು. ಪರದೆಯ ಮೇಲೆ ಒಂದು ಇಂಗ್ಲಿಷ್ ಲೇಖನ ತೆರೆಯುತ್ತಾರೆ, ಬ್ರೌಸರಿನ ಮೂಲೆಯ ಗುಂಡಿ ಒತ್ತುತ್ತಾರೆ, ಎಲ್ಲ ವಿವರ ತಾನಾಗಿ ಬಂದು ಕೂರುತ್ತದೆ. ಎಲ್ಲರೂ ಮೆಚ್ಚಿ ಮನೆಗೆ ಹೋಗುತ್ತಾರೆ. ಮರುದಿನ ಕನ್ನಡ ಎಂ.ಎ. ಹುಡುಗಿ ತನ್ನ ಪುಸ್ತಕವನ್ನು ಹಾಗೆಯೇ ಸೇರಿಸಲು ಹೋದರೆ ಏನೂ ಬರುವುದಿಲ್ಲ. “ಇದು ನಮಗಲ್ಲ” ಎಂದು ಆಕೆ ಕೈಬಿಡುತ್ತಾಳೆ.

ಹೀಗಾಗದಿರಲು ಪಾಠವನ್ನು ನಮ್ಮ ಊರುಗಳಿಂದಲೇ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಸೀಮೆಯಲ್ಲಿ ಅದಕ್ಕೆ ಬೇಕಾದ ಸರಕು ಧಾರಾಳವಾಗಿದೆ. ಶಹಾಬಾದ್ ಕಲ್ಲು ಹಾಸದ ಮನೆ ಉತ್ತರ ಕರ್ನಾಟಕದಲ್ಲಿ ಕಡಿಮೆ. ಆ ಕಲ್ಲಿನ ಹಾಸಿಗೆ ಭೂವಿಜ್ಞಾನಿಗಳಿಗೆ ಭೀಮಾ ಸಮೂಹದ ಭಾಗ. ಅದರೊಳಗೆ ಒಂದು ಪದರಕ್ಕೆ ಶಹಾಬಾದ್ ಹೆಸರು, ಒಂದು ಉಪಸಮೂಹಕ್ಕೆ ಸೇಡಂ ಹೆಸರು. ವಾಡಿಯ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಈ ಸುಣ್ಣದ ಕಲ್ಲಿನ ಬಲದ ಮೇಲೆ. ಸೇಡಂ, ಶಹಾಬಾದ್ ಎಂಬ ಹೆಸರುಗಳು ಜಗತ್ತಿನ ಭೂವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿವೆ ಎಂದು ತಿಳಿದಾಗ ಆ ಊರಿನ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಆ ಲೇಖನಗಳಲ್ಲಿ ಹೆಚ್ಚಿನವಕ್ಕೆ ಡಿಒಐ ಎಂಬ ಕಾಯಂ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಜೊಟೆರೊಗೆ ಕೊಟ್ಟರೆ ಸಾಕು, ಲೇಖಕ, ಪತ್ರಿಕೆ, ಸಂಪುಟ, ಪುಟ ಎಲ್ಲವೂ ಬರುತ್ತವೆ.

ಇದರ ಬೆನ್ನಿಗೇ ನಾಗಾವಿಯ ಘಟಿಕಾಸ್ಥಾನದ ಬಗ್ಗೆ ಕನ್ನಡದಲ್ಲಿ ಬಂದ ಯಾವುದಾದರೊಂದು ಹಳೆಯ ಲೇಖನವನ್ನು ಮೇಜಿನ ಮೇಲಿಡಬೇಕು. ಇದಕ್ಕೆ ಡಿಒಐ ಇಲ್ಲ. ಅದು ಸೇರಿರುವ ಪುಸ್ತಕ ಹಳೆಯದಾಗಿದ್ದರೆ ಐಎಸ್‌ಬಿಎನ್ ಕೂಡ ಇಲ್ಲ. ಈಗ ಪ್ರತಿಯೊಂದು ಖಾನೆಯನ್ನೂ ಕೈಯಿಂದ ತುಂಬಬೇಕು. ತುಂಬಲು ಹೊರಟಾಗಲೇ ನಿಜವಾದ ಪ್ರಶ್ನೆಗಳು ಏಳುತ್ತವೆ. ಲೇಖಕರು ಯಾರು, ಸಂಪಾದಕರು ಯಾರು? ಇದು ಪುಸ್ತಕವೋ, ಪುಸ್ತಕದೊಳಗಿನ ಒಂದು ಅಧ್ಯಾಯವೋ? ಮೊದಲ ಮುದ್ರಣ ಯಾವಾಗ, ನಮ್ಮ ಕೈಯಲ್ಲಿರುವುದು ಎಷ್ಟನೆಯದು? ಪುಸ್ತಕದ ಮುಖಪುಟ ಬಿಟ್ಟು ಒಳಗಿನ ಶೀರ್ಷಿಕೆ ಪುಟ, ಅದರ ಹಿಂಬದಿಯನ್ನು ತಿರುವಿ ನೋಡುವ ಅಭ್ಯಾಸ ಇಲ್ಲಿ ಬೀಳುತ್ತದೆ. ಗುಂಡಿ ಒತ್ತಿ ಕಲಿತವರಿಗೆ ಎಂದೂ ಎದುರಾಗದ ಈ ಪ್ರಶ್ನೆಗಳು ಕನ್ನಡದ ವಿದ್ಯಾರ್ಥಿಗೆ ಮೊದಲ ದಿನವೇ ಎದುರಾಗುತ್ತವೆ. ತಂತ್ರಾಂಶ ಕನ್ನಡಕ್ಕೆ ಒಗ್ಗಿಲ್ಲದಿರುವುದು ಕೊರತೆಯೇ ಸರಿ. ಒಳ್ಳೆಯ ಗ್ರಂಥಪಾಲಕರ ಕೈಯಲ್ಲಿ ಆ ಕೊರತೆಯೇ ಪಾಠವಾಗುತ್ತದೆ.

ಹೆಸರಿನ ವಿಚಾರವನ್ನೇ ತೆಗೆದುಕೊಳ್ಳಿ. ಜೊಟೆರೊ ಲೇಖಕರ ಹೆಸರನ್ನು ಎರಡು ಖಾನೆಗಳಲ್ಲಿ ಕೇಳುತ್ತದೆ: ಕುಲನಾಮ ಒಂದರಲ್ಲಿ, ಸ್ವಂತ ಹೆಸರು ಇನ್ನೊಂದರಲ್ಲಿ. ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇಲ್ಲ, ಇನಿಷಿಯಲ್ ಇದೆ. ಎಂ. ಚಿದಾನಂದಮೂರ್ತಿ ಅವರನ್ನು ಇಂಗ್ಲಿಷ್‌ನಲ್ಲಿ ಬಿಡಿಸಿ ಬರೆದರೆ ‘ಮೂರ್ತಿ, ಎಂ.ಸಿ.’ ಆಗಿ ಹೊರಬರುತ್ತಾರೆ. ಅದನ್ನು ನೋಡಿ ನಮ್ಮ ಓದುಗರಾರೂ ಅವರನ್ನು ಗುರುತಿಸಲಾರರು. ಸರಿಯಾದದ್ದು ‘ಚಿದಾನಂದಮೂರ್ತಿ, ಎಂ.’ ಆದ್ದರಿಂದ ಇಡೀ ಹೆಸರನ್ನು ಮೊದಲ ಖಾನೆಯಲ್ಲಿಟ್ಟು ಇನಿಷಿಯಲ್ ಅನ್ನು ಎರಡನೆಯದರಲ್ಲಿ ಇಡಬೇಕು. ಎಂ.ಎಂ. ಕಲಬುರ್ಗಿ ಅವರದ್ದು ಊರಿನ ಹೆಸರೇ ಮನೆತನದ ಹೆಸರಾದ ಉತ್ತರ ಕರ್ನಾಟಕದ ಬಗೆ, ಅಲ್ಲಿ ‘ಕಲಬುರ್ಗಿ’ ಮೊದಲ ಖಾನೆಗೆ ತಾನಾಗಿ ಒಪ್ಪುತ್ತದೆ. ಪೊನ್ನ, ಬಸವಣ್ಣ, ಅಕ್ಕಮಹಾದೇವಿಯರಿಗೆ ಎರಡು ಖಾನೆಗಳೇ ಬೇಡ. ಹೆಸರಿನ ಪಕ್ಕದಲ್ಲೊಂದು ಪುಟ್ಟ ಗುರುತು ಇರುತ್ತದೆ, ಅದನ್ನು ಒತ್ತಿದರೆ ಎರಡು ಖಾನೆ ಒಂದಾಗುತ್ತದೆ. “ಸರ್, ಹೆಸರು ಉಲ್ಟಾ ಬರಲತ್ತದರಿ” ಎಂದು ಕೈ ಎತ್ತುವ ವಿದ್ಯಾರ್ಥಿಗೆ ಈ ಗುರುತನ್ನು ತೋರಿಸಿಕೊಟ್ಟರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಊರ ಹೆಸರುಗಳದ್ದು ಇನ್ನೊಂದು ಕಥೆ. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪುಸ್ತಕಗಳ ಪ್ರಕಟಣಾ ಸ್ಥಳ ಗುಲ್ಬರ್ಗ ಎಂದೇ ಇರುತ್ತದೆ. ಅದನ್ನು ತಿದ್ದಬಾರದು, ಶೀರ್ಷಿಕೆ ಪುಟದಲ್ಲಿ ಇದ್ದಂತೆ ಬರೆಯಬೇಕು. 1966ರ ಗುಲ್ಬರ್ಗ ಜಿಲ್ಲಾ ಗ್ಯಾಸೆಟಿಯರ್ ಹೊರತಂದದ್ದು ಮೈಸೂರು ಸರ್ಕಾರ, ಏಕೆಂದರೆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಸೇಡಂ ಹಳೆಯ ನಕಾಶೆಗಳಲ್ಲಿ, ರೈಲ್ವೆ ದಾಖಲೆಗಳಲ್ಲಿ ‘ಸೇರಂ’. ಮಳಖೇಡ ಒಂದು ಕಡೆ ಮಾನ್ಯಖೇಟ, ಇನ್ನೊಂದು ಕಡೆ ‘ಮಲ್ಖೇಡ್’, ರೈಲಿನವರಿಗೆ ‘ಮಲ್ಖೈದ್’. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಉರ್ದು ದಾಖಲೆಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1347ನೆಯ ಫಸಲಿ ಎಂದರೆ 1937–38. ಶಾಸನಗಳಲ್ಲಿ ಶಕವರ್ಷ, ಅದಕ್ಕೆ 78. ದಿನಾಂಕದ ಖಾನೆಯಲ್ಲಿ ಕ್ರಿಸ್ತಶಕ ಹಾಕಿ ಮೂಲದ ವರ್ಷವನ್ನು ಟಿಪ್ಪಣಿಯಲ್ಲಿ ಇಟ್ಟರೆ ಮುಂದೆ ಯಾರಿಗೂ ಗೊಂದಲವಿರದು. ಒಂದೇ ಊರಿಗೆ ಇರುವ ಎಲ್ಲ ಹೆಸರುಗಳನ್ನೂ ಟ್ಯಾಗ್ ಆಗಿ ಸೇರಿಸಿಟ್ಟರೆ ಹುಡುಕುವಾಗ ಯಾವ ಹೆಸರಿನಿಂದಲೂ ಸಿಗುತ್ತದೆ.

ಸನ್ನತಿಯ ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾರೆ. ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಈ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದ ಕೊನೆಗೆ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪದ ಜೊತೆಗೆ ಅಶೋಕನ ಹೆಸರು ಕೊರೆದ ಅವನದೇ ಶಿಲ್ಪ ಸಿಕ್ಕಿತು. ಆ ಉತ್ಖನನದ ವರದಿ ಭಾರತೀಯ ಪುರಾತತ್ವ ಇಲಾಖೆಯ ‘ಮೆಮಾಯರ್ಸ್’ ಮಾಲೆಯ 106ನೆಯ ಸಂಪುಟ, ಬರೆದವರು ಕೆ.ಪಿ. ಪೂಣಚ್ಚ. ಇದನ್ನು ಉಲ್ಲೇಖಿಸುವ ವಿದ್ವಾಂಸರಲ್ಲಿ ಕೆಲವರು ವರ್ಷವನ್ನು 2011 ಎಂದು ಕೊಡುತ್ತಾರೆ, ಕೆಲವರು 2013 ಎಂದು. ವಿದ್ಯಾರ್ಥಿ ಇಬ್ಬರಲ್ಲಿ ಒಬ್ಬರನ್ನು ಕಣ್ಣು ಮುಚ್ಚಿ ನಂಬಬಾರದು, ಸಂಪುಟವನ್ನೇ ತೆರೆದು ನೋಡಬೇಕು. ತಂತ್ರಾಂಶ ಆತನಿಗಾಗಿ ಆ ತೀರ್ಮಾನ ಮಾಡುವುದಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತದೆ, ಅಷ್ಟೆ.

ತಾನಾಗಿ ಬಂದ ಮಾಹಿತಿಯನ್ನೂ ನಂಬುವಂತಿಲ್ಲ ಎಂಬುದನ್ನು ಕಲಿಸಲು ಇಂಟರ್ನೆಟ್ ಆರ್ಕೈವ್‌ನ ಹಳೆಯ ಕನ್ನಡ ಪುಸ್ತಕಗಳಿಗಿಂತ ಒಳ್ಳೆಯ ಸಾಧನವಿಲ್ಲ. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಡಿ ಸ್ಕ್ಯಾನ್ ಆದ ಸಾವಿರಾರು ಪುಸ್ತಕಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದ ಕನ್ನಡ ಪುಸ್ತಕಗಳೂ ಅವುಗಳಲ್ಲಿವೆ. ದೊಡ್ಡ ನಿಧಿ ಅದು, ಆ ಕೆಲಸ ಮಾಡಿದವರಿಗೆ ನಾವು ಋಣಿಗಳು. ಆದರೆ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದಂತೆ ಬರೆದಿದ್ದಾರೆ, ಎಷ್ಟೋ ಕಡೆ ಲೇಖಕರ ಹೆಸರು ಅರ್ಧ, ವರ್ಷ ತಪ್ಪು. ಗುಂಡಿ ಒತ್ತಿದರೆ ಆ ತಪ್ಪೆಲ್ಲ ನಿಮ್ಮ ಪ್ರಬಂಧಕ್ಕೆ ಹರಿದುಬರುತ್ತದೆ. ಹಾಗಾಗಿ ಸೇರಿಸಿದ ಕೂಡಲೇ ಸ್ಕ್ಯಾನ್‌ನ ಮೊದಲ ಪುಟಗಳನ್ನು ತೆರೆದು ಸರಿನೋಡಿ ತಿದ್ದುವುದು ಕಡ್ಡಾಯವಾಗಬೇಕು.

ನುಡಿ ಫಾಂಟು, ಅಡಿಟಿಪ್ಪಣಿ, ಗ್ರಂಥಋಣ

ಕನ್ನಡದ ಮಟ್ಟಿಗೆ ದೊಡ್ಡ ತೊಡಕು ಅಕ್ಷರದ್ದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪ್ರಬಂಧಗಳು ಅವುಗಳಲ್ಲೇ ಟೈಪ್ ಆಗುತ್ತವೆ. ಅಲ್ಲಿಂದ ಪುಸ್ತಕದ ಹೆಸರನ್ನು ಎತ್ತಿ ಜೊಟೆರೊದಲ್ಲಿ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಗೊಂಚಲು ಕಾಣುತ್ತದೆ. ತಂತ್ರಾಂಶ ಕೆಟ್ಟಿದೆ ಎಂದು ವಿದ್ಯಾರ್ಥಿ ಭಾವಿಸುತ್ತಾನೆ. ಕೆಟ್ಟಿಲ್ಲ. ಹಳೆಯ ಫಾಂಟಿನಲ್ಲಿ ಕಂಪ್ಯೂಟರಿನ ಪಾಲಿಗೆ ಅದು ಎಂದೂ ಕನ್ನಡವಾಗಿರಲೇ ಇಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ಯೂನಿಕೋಡಿಗೆ ಬಂದರೆ ಪ್ರಬಂಧದಲ್ಲಿ ಪದ ಹುಡುಕಬಹುದು, ಅಕಾರಾದಿ ಜೋಡಿಸಬಹುದು, ಪ್ರಬಂಧಗಳ ಡಿಜಿಟಲ್ ಭಂಡಾರವಾದ ಶೋಧಗಂಗೆಗೆ ಸೇರಿದ ಮೇಲೆ ಬೇರೆಯವರೂ ಹುಡುಕಿ ಓದಬಹುದು. ಯುಜಿಸಿ ನಿಯಮದಂತೆ ಪಿಎಚ್.ಡಿ. ಪ್ರಬಂಧಗಳೆಲ್ಲ ಇನ್‌ಫ್ಲಿಬ್‌ನೆಟ್‌ನ ಶೋಧಗಂಗೆಗೆ ಸೇರಬೇಕು. ಯಾವ ಪದದಿಂದ ಹುಡುಕಿದರೂ ಸಿಗದ ಹಳೆಯ ಫಾಂಟಿನ ಪ್ರಬಂಧ ಅಲ್ಲಿದ್ದೂ ಇಲ್ಲದಂತೆ. ಮಾಹಿತಿ ಸಾಕ್ಷರತೆಯ ತರಗತಿಯಲ್ಲಿ ಜೊಟೆರೊಗಿಂತ ಮೊದಲು ಯೂನಿಕೋಡ್ ಟೈಪಿಂಗ್ ಕಲಿಸಿ ಎಂದು ನಾನು ಹೇಳುವುದು ಇದಕ್ಕಾಗಿ.

ಆಕರ ಸೂಚಿ ತಯಾರಾದಾಗ ಇನ್ನೊಂದು ಸಣ್ಣ ಕಿರಿಕಿರಿ. ಶೈಲಿಯ ಭಾಷೆ ಇಂಗ್ಲಿಷ್ ಆಗಿದ್ದರೆ ಕನ್ನಡ ಪುಸ್ತಕದ ವಿವರಗಳ ನಡುವೆ ‘ಆ್ಯಂಡ್’, ‘ಎಡ್.’, ‘ಪಿಪಿ.’ಗಳು ಇಂಗ್ಲಿಷ್‌ನಲ್ಲೇ ಇಣುಕುತ್ತವೆ. ನಮಗೆ ಬೇಕಾದದ್ದು ‘ಮತ್ತು’, ‘ಸಂ.’, ‘ಪು.’ ಈ ಶೈಲಿಗಳನ್ನು ಬರೆಯಲು ಸಿಎಸ್‌ಎಲ್ ಎಂಬ ಮುಕ್ತ ವ್ಯವಸ್ಥೆ ಇದೆ. ಅದರಲ್ಲಿ 10,000ಕ್ಕೂ ಹೆಚ್ಚು ಶೈಲಿಗಳು ಸಿದ್ಧವಾಗಿವೆ, ಹೊಸದನ್ನು ಯಾರು ಬೇಕಾದರೂ ಸೇರಿಸಬಹುದು. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನವೂ ಇದೆ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗವೂ ಇದೆ. ಎರಡೂ ಕೂತು ಕನ್ನಡ ಪ್ರಬಂಧಗಳಿಗೆ ಒಪ್ಪುವ ಒಂದು ಶೈಲಿಯನ್ನು ಒಮ್ಮೆ ಸಿದ್ಧಪಡಿಸಿ ಬಿಟ್ಟರೆ ನಾಡಿನ ಎಲ್ಲ ವಿಶ್ವವಿದ್ಯಾಲಯಗಳಿಗೂ ಅದು ಉಪಯೋಗಕ್ಕೆ ಬರುತ್ತದೆ. ಕನ್ನಡ ಗ್ರಂಥಗಳು ಮೊದಲು, ಇಂಗ್ಲಿಷ್ ಗ್ರಂಥಗಳು ಆಮೇಲೆ ಎಂದು ಎರಡು ಭಾಗ ಮಾಡುವ ನಮ್ಮ ಪದ್ಧತಿಗೂ ತಂತ್ರಾಂಶ ಸುಲಭಕ್ಕೆ ಒಗ್ಗುವುದಿಲ್ಲ. ಸದ್ಯಕ್ಕೆ ಪ್ರಬಂಧ ಪೂರ್ತಿಯಾದ ಮೇಲೆ ಕೈಯಿಂದಲೇ ಎರಡಾಗಿ ಬೇರ್ಪಡಿಸಿಕೊಳ್ಳಬೇಕು. ಅದಕ್ಕೂ ಮುಂಚೆ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಬೇಕು.

ಇವುಗಳಲ್ಲಿ ಯಾವ ತಂತ್ರಾಂಶ ಕಲಿಸಬೇಕು? ನನ್ನ ಮಟ್ಟಿಗೆ ಉತ್ತರ ಜೊಟೆರೊ. ಎಂಡ್‌ನೋಟ್‌ಗೆ ಹಣ ಕೊಡಬೇಕು. ಮೆಂಡಲೆ ಉಚಿತವೇ, ಆದರೆ 2013ರಲ್ಲಿ ಎಲ್ಸ್‌ವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಕೊಂಡಿತು, 2022ರಲ್ಲಿ ಅದರ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನು ಹೊಸದಾಗಿ ಇಳಿಸಿಕೊಳ್ಳಲು ಸಿಗದಂತೆ ಮಾಡಿದರು. ಜೊಟೆರೊವನ್ನು 2006ರಲ್ಲಿ ಹೊರತಂದದ್ದು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರ ಒಂದು ಕೇಂದ್ರ. ಅದು ಮುಕ್ತ ತಂತ್ರಾಂಶ. ಇತಿಹಾಸಕಾರರು ಮಾಡಿದ್ದರಿಂದ ಹಸ್ತಪ್ರತಿ, ಪತ್ರ, ನಕಾಶೆ, ಸಂದರ್ಶನಗಳಿಗೂ ಅದರಲ್ಲಿ ಬೇರೆ ಬೇರೆ ನಮೂನೆಗಳಿವೆ. ಚಿಂಚೋಳಿಯ ತಾಂಡಾದಲ್ಲಿ ಅಜ್ಜಿಯೊಬ್ಬರು ಹಾಡಿದ ಲಂಬಾಣಿ ಹಾಡನ್ನು ಧ್ವನಿಮುದ್ರಿಸಿಕೊಂಡ ವಿದ್ಯಾರ್ಥಿನಿ, ಹಾಡಿದವರ ಹೆಸರು, ತಾಂಡಾ, ದಿನಾಂಕಗಳೊಂದಿಗೆ ಅದನ್ನು ಪುಸ್ತಕದಷ್ಟೇ ಗೌರವದ ಆಕರವಾಗಿ ದಾಖಲಿಸಬಹುದು. “ಒಬ್ಬ ಮಹಿಳೆ ಹೇಳಿದಂತೆ” ಎಂದು ಬರೆಯುವ ದುರಭ್ಯಾಸ ಹೋಗಬೇಕು. ಆ ಅಜ್ಜಿಗೂ ಹೆಸರಿದೆ. ಅವರು ಒಪ್ಪಿದರೆ ಆ ಹೆಸರು ಆಕರ ಸೂಚಿಯಲ್ಲಿ ಬರಬೇಕು.

ತಾಲ್ಲೂಕು ಕಾಲೇಜುಗಳಿಗೆ ಇನ್ನೊಂದು ಅನುಕೂಲವಿದೆ. ಜೊಟೆರೊ ಇಂಟರ್ನೆಟ್ ಇಲ್ಲದಾಗಲೂ ಕೆಲಸ ಮಾಡುತ್ತದೆ. ಕರೆಂಟು ಬಂದಾಗ ಲ್ಯಾಬಿನಲ್ಲಿ ಕೂತು ದಾಖಲಿಸಿ, ನೆಟ್ ಸಿಕ್ಕಾಗ ಖಾತೆಗೆ ಸೇರಿಸಬಹುದು. ಉಚಿತ ಖಾತೆಯಲ್ಲಿ ಪಿಡಿಎಫ್‌ಗಳಿಗೆ 300 ಎಂಬಿ ಜಾಗ ಮಾತ್ರ, ಆದರೆ ಆಕರದ ವಿವರಗಳಿಗೆ ಮಿತಿಯಿಲ್ಲ. ಕಂಪ್ಯೂಟರೇ ಇಲ್ಲದವರು ಮೊಬೈಲ್ ಬ್ರೌಸರಿನಲ್ಲಿ ಜೊಟೆರೊಬಿಬ್ ತೆರೆದು ಒಂದು ಸಣ್ಣ ಆಕರ ಸೂಚಿಯನ್ನು ಅಲ್ಲೇ ಕಟ್ಟಬಹುದು. ಯಾವ ತಂತ್ರಾಂಶ ಕಲಿಸಿದರೂ ಅದರಿಂದ ನಮ್ಮ ಸಂಗ್ರಹವನ್ನು ಪೂರ್ತಿಯಾಗಿ ಹೊರತೆಗೆದು ಇನ್ನೊಂದಕ್ಕೆ ಸೇರಿಸುವ ಬಗೆಯನ್ನೂ ಜೊತೆಗೇ ಕಲಿಸಬೇಕು. ಕಂಪನಿಗಳು ಬದಲಾಗುತ್ತವೆ, ಹತ್ತು ವರ್ಷದ ಓದಿನ ಲೆಕ್ಕ ಅವುಗಳೊಂದಿಗೆ ಹೋಗಬಾರದು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಪಾಠ ಇನ್ನಷ್ಟು ತುರ್ತಾಗಿದೆ. ಚಾಟ್‌ಜಿಪಿಟಿಯಂಥ ಸಾಧನಗಳನ್ನು ಆಕರ ಕೇಳಿದರೆ ಇಲ್ಲದ ಪುಸ್ತಕ, ಬರೆಯದ ಲೇಖನಗಳನ್ನೂ ನಂಬುವಂತೆ ಸೃಷ್ಟಿಸಿ ಕೊಡುತ್ತವೆ. ಲೇಖಕರ ಹೆಸರು ನಿಜವಿರುತ್ತದೆ, ಪತ್ರಿಕೆಯ ಹೆಸರೂ ನಿಜ, ಲೇಖನ ಮಾತ್ರ ಎಲ್ಲೂ ಇರುವುದಿಲ್ಲ. ಕನ್ನಡದ ವಿಷಯಗಳಲ್ಲಿ ಅಪಾಯ ಹೆಚ್ಚು, ಏಕೆಂದರೆ ಸರಿನೋಡಲು ಅಂತರ್ಜಾಲದಲ್ಲಿ ಸರಕು ಕಡಿಮೆ. “ಪುಸ್ತಕವನ್ನೋ ಅದರ ಪುಟವನ್ನೋ ನೀನೇ ನೋಡದೆ ಯಾವ ಆಕರವನ್ನೂ ಸೇರಿಸಬೇಡ” ಎಂಬ ಒಂದು ನಿಯಮ ಸಾಕು. ಜೊಟೆರೊದಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿದೆ: ನಿಮ್ಮ ಸಂಗ್ರಹದಲ್ಲಿರುವ ಯಾವುದಾದರೂ ವಿಜ್ಞಾನ ಲೇಖನವನ್ನು ತಪ್ಪಿನ ಕಾರಣಕ್ಕೆ ಪತ್ರಿಕೆ ಹಿಂತೆಗೆದುಕೊಂಡಿದ್ದರೆ, ರಿಟ್ರಾಕ್ಷನ್ ವಾಚ್ ಪಟ್ಟಿಯನ್ನು ನೋಡಿ ಅದು ಎಚ್ಚರಿಸುತ್ತದೆ.

ಹೆಸರು ಉಳಿಯುವ ಬಗೆ

ಇಷ್ಟೆಲ್ಲ ಏಕೆ, ಪರೀಕ್ಷೆ ಪಾಸಾದರೆ ಸಾಲದೇ ಎನ್ನುವವರಿಗೆ ನಾನು ಮಳಖೇಡವನ್ನು ತೋರಿಸುತ್ತೇನೆ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದನ್ನು 1898ರಲ್ಲಿ ಮೊದಲು ಸಂಪಾದಿಸಿ ಅಚ್ಚು ಹಾಕಿಸಿದವರು ಕೆ.ಬಿ. ಪಾಠಕ್. ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಆಮೇಲೆ ದೀರ್ಘಕಾಲ ನಡೆಯಿತು. ಹಾಗಾಗಿ ಕವಿರಾಜಮಾರ್ಗವನ್ನು ದಾಖಲಿಸಲು ಕೂತ ವಿದ್ಯಾರ್ಥಿ ಲೇಖಕರ ಖಾನೆಯ ಮುಂದೆ ನಿಲ್ಲಲೇಬೇಕು. ತಾನು ಬಳಸುವ ಆವೃತ್ತಿಯ ಶೀರ್ಷಿಕೆ ಪುಟ ಏನೆನ್ನುತ್ತದೆ, ಸಂಪಾದಕರ ವಾದವೇನು ಎಂದು ಓದಿಕೊಂಡೇ ಆ ಖಾನೆ ತುಂಬಬೇಕು. ಒಂದು ಖಾನೆ ತುಂಬುವುದರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯ ಒಂದು ಅಧ್ಯಾಯವೇ ಓದಾಗುತ್ತದೆ.

ಆ ಗ್ರಂಥದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೊಂದು. ತನಗಿಂತ ಮುಂಚಿನ ಗದ್ಯಕಾರರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಕವಿರಾಜಮಾರ್ಗ ಹೆಸರಿಸುತ್ತದೆ, ಪದ್ಯ ಬರೆದವರನ್ನೂ ನೆನೆಯುತ್ತದೆ. ಅವರು ಕನ್ನಡದಲ್ಲಿ ಬರೆದ ಗದ್ಯ ಒಂದೂ ನಮ್ಮ ಕೈಗೆ ಬಂದಿಲ್ಲ. ಅವರಂಥವರು ಕನ್ನಡದಲ್ಲಿ ಬರೆದಿದ್ದರು ಎಂದು ನಮಗೆ ಗೊತ್ತಿರುವುದು ಮಳಖೇಡದಲ್ಲಿ ಕೂತ ಒಬ್ಬ ಬರಹಗಾರ ತನ್ನ ಹಿಂದಿನವರ ಹೆಸರನ್ನು ಬರೆದಿಟ್ಟ ಕಾರಣದಿಂದ. ಆಕರ ಹೇಳುವುದರ ಬೆಲೆ ಇಷ್ಟು.

ಇಂದು ಈ ಸೀಮೆಯ ಬಗ್ಗೆ ನಡೆಯುವ ಚರ್ಚೆಗಳಲ್ಲೂ ಇದೇ ಶಿಸ್ತು ಬೇಕು. ಹಿಂದುಳಿದಿರುವಿಕೆಯ ಮಾತು ಬಂದಾಗಲೆಲ್ಲ “ನಂಜುಂಡಪ್ಪ ವರದಿ ಹೇಳಿದಂತೆ” ಎನ್ನುತ್ತೇವೆ. ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿಯ ವರದಿ ಸಲ್ಲಿಕೆಯಾದದ್ದು 2002ರಲ್ಲಿ. ರಾಜ್ಯದ 114 ತಾಲ್ಲೂಕುಗಳನ್ನು ಅದು ಹಿಂದುಳಿದವು ಎಂದಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಷ್ಟು ಪ್ರಬಂಧಗಳಲ್ಲಿ ಈ ವರದಿಯ ಪುಟಸಂಖ್ಯೆ ಇರುತ್ತದೆ? ನಾನು ಕಂಡವುಗಳಲ್ಲಿ ತೀರಾ ಕಡಿಮೆ. ಸಂವಿಧಾನದ 371ಜೆ ವಿಧಿಯ ಮೀಸಲಾತಿಯ ಬಗ್ಗೆ, ಸಿಮೆಂಟಿನ ದೂಳಿನ ಬಗ್ಗೆ, ತೊಗರಿ ಬೆಲೆಯ ಬಗ್ಗೆ ನಮ್ಮ ಮಕ್ಕಳು ಗಟ್ಟಿಯಾಗಿ ಮಾತನಾಡಬೇಕಾದರೆ ಅವರ ಕೈಯಲ್ಲಿ ವರದಿ, ವರ್ಷ, ಪುಟ ಇರಬೇಕು. ಇಲ್ಲವಾದರೆ ಎದುರಿನ ಅಧಿಕಾರಿ “ಎಲ್ಲಿದೆ?” ಎಂದು ಕೇಳಿದ ಕೂಡಲೇ ವಾದ ಬಿದ್ದುಹೋಗುತ್ತದೆ.

ಇದನ್ನು ಯಾರು ಕಲಿಸಬೇಕೆಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ಕಾಲೇಜಿನ ಗ್ರಂಥಪಾಲಕರು. ಅವರನ್ನು ಪುಸ್ತಕ ಕೊಟ್ಟು ತೆಗೆದುಕೊಳ್ಳುವವರೆಂದು ನೋಡುವುದನ್ನು ಆಡಳಿತ ಬಿಡಬೇಕು. ಎಷ್ಟೋ ಕಾಲೇಜುಗಳಲ್ಲಿ ಆ ಹುದ್ದೆಯೇ ಖಾಲಿ, ಇದ್ದಲ್ಲಿ ಅವರಿಗೆ ಪರೀಕ್ಷೆ, ಪ್ರವೇಶಾತಿ, ನ್ಯಾಕ್ ಕಡತಗಳ ಕೆಲಸ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆಯನ್ನು ಗ್ರಂಥಾಲಯದ ಹೆಸರಿನಲ್ಲಿ ಬರೆದರೆ ಸಾಕು, ಪಾಠ ಶುರುವಾಗುತ್ತದೆ. ಅದು ಪದವಿಯ ಮೊದಲ ವರ್ಷದಲ್ಲೇ ಶುರುವಾಗಬೇಕು. 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಅಂತರರಾಷ್ಟ್ರೀಯ ಪತ್ರಿಕೆಗಳು ತೆರೆದಿವೆ, ಮೂರು ವರ್ಷಕ್ಕೆ ಕೇಂದ್ರ ಇಟ್ಟ ಹಣ 6,000 ಕೋಟಿ ರೂಪಾಯಿ. ಬಾಗಿಲು ತೆರೆದದ್ದು ಬಹಳ ಒಳ್ಳೆಯದಾಯಿತು. ಒಳಗೆ ಹೋಗಿ ಹುಡುಕಿ, ಆರಿಸಿ, ದಾಖಲಿಸಿಕೊಂಡು ಬರುವ ವಿದ್ಯೆ ಇಲ್ಲದ ಕಾಲೇಜಿಗೆ ಅದರಿಂದ ಬರುವ ಲಾಭ ಕಡಿಮೆ.

ಜೊಟೆರೊದಲ್ಲಿ ಗುಂಪು ಸಂಗ್ರಹ ಎಂಬ ಸೌಲಭ್ಯವಿದೆ. ಎಷ್ಟು ಜನ ಬೇಕಾದರೂ ಸೇರಿ ಒಂದೇ ಆಕರ ಸೂಚಿಯನ್ನು ಬೆಳೆಸಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಾಲೇಜುಗಳ ಗ್ರಂಥಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಶೈಕ್ಷಣಿಕ ವರ್ಷ ಐದೂ ಊರುಗಳು ಸೇರಿ ಅಂಥದ್ದೊಂದು ಗುಂಪನ್ನು ತೆರೆಯಿರಿ. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಬಗ್ಗೆ ಬಂದ ಒಂದು ಪುಸ್ತಕವನ್ನೋ ಲೇಖನವನ್ನೋ ವರದಿಯನ್ನೋ ಹುಡುಕಿ, ಕಣ್ಣಾರೆ ನೋಡಿ, ತಪ್ಪಿಲ್ಲದೆ ಅದರಲ್ಲಿ ಸೇರಿಸಲಿ. ಮನೆಯ ಅಟ್ಟದಲ್ಲಿರುವ ಹಳೆಯ ಸ್ಮರಣ ಸಂಚಿಕೆಯಾದರೂ ಆದೀತು, ಅಜ್ಜ ಹೇಳಿದ ಕಲ್ಲುಗಣಿಯ ನೆನಪಾದರೂ ಆದೀತು. ಅದಕ್ಕೆ ಬೇಕಾದದ್ದು ಗ್ರಂಥಾಲಯದ ಒಂದು ಕಂಪ್ಯೂಟರ್, ಒಂದು ಇ-ಮೇಲ್ ವಿಳಾಸ. ಗುಂಪು ತೆರೆಯಲು ಹಣ ಕೊಡಬೇಕಿಲ್ಲ.